ತಟ್ಟೆಯ ಹಾಡು, ಕಡತದ ಹಾಡು

1902ರ ನವೆಂಬರ್ ತಿಂಗಳಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಇರಿಸಿದ್ದ ಕಹಳೆಯ ಮುಂದೆ ಗೌಹರ್ ಜಾನ್ ಹಾಡಿದರು. ಭಾರತದ ವೃತ್ತಿಪರ ಧ್ವನಿಮುದ್ರಣದ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಇದಕ್ಕೆ ಕಾರಣ ತೀರ ವ್ಯಾವಹಾರಿಕವಾದದ್ದು. ಮೇಣದ ಮೂಲಮುದ್ರಿಕೆಗಳು ಹಡಗೇರಿ ಜರ್ಮನಿಯ ಹ್ಯಾನೋವರ್ ಪಟ್ಟಣಕ್ಕೆ ಹೋಗಬೇಕಾಗಿತ್ತು. ಅಲ್ಲಿ ತಟ್ಟೆ ಅಚ್ಚುಹಾಕುವ ಕೆಲಸಗಾರರಿಗೆ ಇದು ಯಾರ ಕಂಠವೆಂದು ತಿಳಿಯಬೇಕಾಗಿತ್ತು. ಹೀಗೆ ನಮ್ಮ ದೇಶದ ಮೊದಲ ತಟ್ಟೆಗಳಲ್ಲಿ ಹಾಡೂ ಹೆಸರೂ ಒಂದೇ ಗೆರೆಯೊಳಗೆ ಕೊರೆಯಲ್ಪಟ್ಟವು. ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ಕನ್ನಡಿಗರಾದ ನಾವು ನೆನಪಿಡಬೇಕಾದ ಸಂಗತಿ.

ತಟ್ಟೆ ಮೇಲೋ, ಅಂತರ್ಜಾಲದಿಂದ ಇಳಿಸಿಕೊಂಡ ಕಡತ ಮೇಲೋ ಎಂಬ ಚರ್ಚೆ ಇಂದು ಸಾಮಾನ್ಯವಾಗಿ ಎರಡು ಮಾತುಗಳ ಸುತ್ತ ತಿರುಗುತ್ತದೆ. ಒಂದು ಗುಣಮಟ್ಟ, ಇನ್ನೊಂದು ಅನುಕೂಲ. ಈ ಎರಡರ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ, ಇವುಗಳ ಹಿಂದೆ ಮೂರನೆಯ ಪ್ರಶ್ನೆಯೊಂದು ನಿಂತಿರುವುದು ಕಾಣುತ್ತದೆ. ಹಾಡು ಯಾರ ವಶದಲ್ಲಿ ಇರುತ್ತದೆ ಮತ್ತು ಅದರೊಂದಿಗೆ ಯಾರ ಹೆಸರು ಉಳಿಯುತ್ತದೆ ಎಂಬುದೇ ಆ ಪ್ರಶ್ನೆ. ಕನ್ನಡದಂಥ ಭಾಷೆಗೆ, ಅದರಲ್ಲಿಯೂ ಹೈದರಾಬಾದಿನಂಥ ಹೊರನಾಡಿನಲ್ಲಿ ನೆಲೆಸಿದವರಿಗೆ, ಈ ಮೂರನೆಯದೇ ಮುಖ್ಯವೆಂದು ನನ್ನ ತಿಳಿವಳಿಕೆ.

ಗ್ರಾಮಾಫೋನ್ ತಟ್ಟೆಯ ಕಾಲದಲ್ಲಿ ಗುಣಮಟ್ಟವೂ ಕಡಿಮೆ, ಅನುಕೂಲವೂ ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಮುಳ್ಳನ್ನು ಪದೇ ಪದೇ ಬದಲಾಯಿಸಬೇಕು, ಕೈಯಿಂದ ಕೀಲಿ ಕೊಡಬೇಕು, ಕೈತಪ್ಪಿದರೆ ತಟ್ಟೆ ಚೂರು. ಆ ತಟ್ಟೆಗಳ ಮುಖ್ಯ ವಸ್ತು ನಮ್ಮ ದೇಶದ ಕಾಡುಗಳಲ್ಲಿ ದೊರೆಯುವ ಅರಗು. ಅರಗು ಇಲ್ಲಿಂದ ಹೊರಟು ವಿದೇಶದಲ್ಲಿ ತಟ್ಟೆಯಾಗಿ ಇಲ್ಲಿಗೇ ಮರಳಿ ಮಾರಾಟವಾಗುತ್ತಿತ್ತು. ಕಲ್ಕತ್ತೆಯಲ್ಲಿ ಅಚ್ಚಿನ ಕಾರ್ಖಾನೆ ಬಂದದ್ದು 1908ರಲ್ಲಿ. ಮೂರು ನಿಮಿಷದ ಮಿತಿ ನಮ್ಮ ಸಂಗೀತದ ರೂಪವನ್ನೇ ತಿದ್ದಿತು. ಗಂಟೆಗಟ್ಟಲೆ ಹರಡುವ ರಾಗವನ್ನು ಕಲಾವಿದರು ಸಾರವಾಗಿ ಭಟ್ಟಿಯಿಳಿಸಬೇಕಾಯಿತು. ಅದಕ್ಕೆ ಒಪ್ಪದವರು ಕಹಳೆಯ ಮುಂದೆ ಕುಳಿತುಕೊಳ್ಳಲೇ ಇಲ್ಲ.

ಆದರೂ ತಟ್ಟೆಯ ಬೆಲೆಯನ್ನು ಅರಿತವರಿದ್ದರು. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳ ದೊಡ್ಡ ಸಂಗ್ರಾಹಕರು. ಲಂಡನ್ನಿನಲ್ಲಿ ನೆಲೆಸಿದ್ದ, ವೃದ್ಧಾಪ್ಯದಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು 1940ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿದರು. ಅರ್ಧ ಗಂಟೆಗೂ ಮೀರಿದ ಒಂದು ಕೃತಿಯನ್ನು ನಾಲ್ಕೈದು ತಟ್ಟೆಗಳ ಮಗ್ಗುಲುಗಳಿಗೆ ಹಂಚಿ ಕತ್ತರಿಸಬೇಕಾಗಿದ್ದ ಕಾಲವದು. ಮೆಟ್ನರ್ 1951ರಲ್ಲಿ ತೀರಿಕೊಂಡ. ಆತನ ಮೂರನೆಯ ಪಿಯಾನೊ ಕಂಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಆತನ ಬೆರಳುಗಳ ದನಿ ಇಂದಿಗೂ ಕೇಳಲು ಸಿಗುತ್ತಿರುವುದು, ಆ ಹೊತ್ತಿನಲ್ಲಿ ಯಾರೋ ಒಬ್ಬರು ಹಣ ತೆತ್ತು ತಟ್ಟೆ ಮಾಡಿಸಿದ್ದರಿಂದ. ಅರಗಿನ ತಟ್ಟೆಯಿಂದ ಅಡಕಮುದ್ರಿಕೆಗೆ, ಅಲ್ಲಿಂದ ಅಂತರ್ಜಾಲಕ್ಕೆ ಅದು ದಾಟಿ ಬಂದಿದೆ. ಮಾಧ್ಯಮ ಎರಡು ಬಾರಿ ಬದಲಾದರೂ, ಮೊದಲು ಒಂದು ಮುದ್ರಿಕೆ ಇರಬೇಕೆಂಬ ನಿಯಮ ಬದಲಾಗಲಿಲ್ಲ.

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಧಾನವಾಗಿ ತಿರುಗುವ ವಿನೈಲ್ ತಟ್ಟೆಯನ್ನು ತಂದಾಗ ಒಂದು ಮಗ್ಗುಲು ಇಪ್ಪತ್ತು ನಿಮಿಷಗಳನ್ನು ದಾಟಿತು. ಗುಣಮಟ್ಟ ಏರಿತು, ಬೆಲೆಯೂ ಏರಿತು. ಸಾಮಾನ್ಯ ಕನ್ನಡ ಮನೆಯ ಬಾಗಿಲನ್ನು ನಿಜವಾಗಿ ತೆರೆದದ್ದು 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು. ಕೇಳ್ಮೆಯ ಗುಣದಲ್ಲಿ ಅದು ವಿನೈಲ್ ತಟ್ಟೆಗಿಂತ ಕೆಳಗಿನದು. ಹಿನ್ನೆಲೆಯಲ್ಲಿ ಸದಾ ಒಂದು ಸುಯ್ಯೆನ್ನುವ ಸದ್ದು, ಬೇಸಿಗೆಯಲ್ಲಿ ಹಿಗ್ಗುವ ಸುರುಳಿ. ಆದರೆ ಅಗ್ಗ, ಹಗುರ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲಿಯೇ ಮುದ್ರಿಸಿಕೊಳ್ಳಬಹುದಾದದ್ದು. ಗುಣಮಟ್ಟಕ್ಕೂ ಅನುಕೂಲಕ್ಕೂ ನಡೆದ ಮೊದಲ ದೊಡ್ಡ ಸ್ಪರ್ಧೆಯಲ್ಲಿ ಅನುಕೂಲ ಗೆದ್ದಿತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದು ಕನ್ನಡ ಸುಗಮ ಸಂಗೀತಕ್ಕೆ ಒಂದು ಮಾರುಕಟ್ಟೆಯೂ ಇದೆಯೆಂದು ತೋರಿಸಿತು. 1987ರ ‘ಪ್ರೇಮಲೋಕ’ದ ಹೊತ್ತಿಗೆ ಚಿತ್ರಗೀತೆಯ ಕ್ಯಾಸೆಟ್ಟು ಬೀದಿಯ ಅಂಗಡಿಯ ಸರಕಾಗಿತ್ತು.

ಹೊರನಾಡಿನಲ್ಲಿ ಈ ಸುರುಳಿ ಮಾಡಿದ ಕೆಲಸ ಇನ್ನೂ ಹೆಚ್ಚಿನದು. ಹೈದರಾಬಾದಿಗೆ ಕನ್ನಡ ಹೊಸತಲ್ಲ; 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿ. ರಾಜ್ಯ ವಿಂಗಡಣೆಯಾದ ಮೇಲೆ ಇಲ್ಲಿ ಉಳಿದ ಕನ್ನಡ ಕುಟುಂಬಗಳಿಗೂ, ಬಳಿಕ ಕೇಂದ್ರ ಸರಕಾರದ ಕಚೇರಿ, ಬ್ಯಾಂಕು, ಕಾರ್ಖಾನೆಗಳಿಗೆ ಬಂದ ನಮ್ಮಂಥವರಿಗೂ ಕನ್ನಡದ ಹಾಡು ಊರಿಗೆ ಹೋಗಿ ಬಂದವರ ಚೀಲದಲ್ಲಿ ಬರುತ್ತಿತ್ತು. ಒಬ್ಬರು ತಂದ ಭಾವಗೀತೆಯ ಸುರುಳಿ ಕಾಚಿಗುಡದಿಂದ ಮೆಹದಿಪಟ್ಟಣದವರೆಗೆ ಕೈಯಿಂದ ಕೈಗೆ ಸಾಗಿ, ಹಲವು ಮನೆಗಳಲ್ಲಿ ನಕಲಾಗಿ, ಕೊನೆಗೆ ತೇಯ್ದು ಮೂಲದವರ ಮನೆಗೆ ಮರಳುವುದು ವಾಡಿಕೆಯಾಗಿತ್ತು. ಪ್ರತಿ ನಕಲಿನಲ್ಲಿಯೂ ದನಿ ಒಂದಿಷ್ಟು ಮಸುಕಾಗುತ್ತಿತ್ತು. ಕೇಳುವವರ ಸಂಖ್ಯೆ ಮಾತ್ರ ಒಂದಿಷ್ಟು ಏರುತ್ತಿತ್ತು.

1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಈ ಮಸುಕನ್ನು ನಿವಾರಿಸುವ ಭರವಸೆಯನ್ನಿತ್ತಿತು. ಅದರ ಗಣಿತ ಸರಳವಾದದ್ದು. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುವುದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವುದು, ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ. ಒಟ್ಟು ಸೆಕೆಂಡಿಗೆ 14,11,200 ಬಿಟ್‌ಗಳು. 12 ಸೆಂಟಿಮೀಟರಿನ ತಟ್ಟೆಯಲ್ಲಿ 74 ನಿಮಿಷದ ಸಂಗೀತ. ಮನುಷ್ಯನ ಕಿವಿ ಕೇಳಬಲ್ಲ ಗರಿಷ್ಠ ಕಂಪನ ಸೆಕೆಂಡಿಗೆ ಸುಮಾರು 20,000. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕೆಂಬ ನಿಯಮದಿಂದ ಆ ಸಂಖ್ಯೆ ಹುಟ್ಟಿತು. ಮುಳ್ಳು ತಾಗದೆ ಬೆಳಕಿನ ಕಿರಣ ಓದುವುದರಿಂದ ಸವೆತವಿಲ್ಲ. ಸಣ್ಣ ಗೀರುಗಳಿಂದ ಕಳೆದುಹೋದ ಅಂಕಿಗಳನ್ನು ಲೆಕ್ಕಹಾಕಿ ಮರಳಿ ಪಡೆಯುವ ತಿದ್ದುಪಡಿಯ ವ್ಯವಸ್ಥೆಯೂ ಅದರೊಳಗೇ ಇದೆ.

ಈ ಪೂರ್ಣತೆಯನ್ನು ಒಂದೇ ದಶಕದಲ್ಲಿ ಎಂ.ಪಿ.3 ಕುಗ್ಗಿಸಿತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಮತ್ತು ಅವರ ಸಂಗಡಿಗರು, ಒಂದು ದೊಡ್ಡ ದನಿ ಕೇಳಿಸುವಾಗ ಅದರ ಪಕ್ಕದ ಸಣ್ಣ ದನಿ ನಮಗೆ ಕೇಳಿಸುವುದಿಲ್ಲವೆಂಬ ಶ್ರವಣಶಾಸ್ತ್ರದ ತತ್ತ್ವವನ್ನು ಬಳಸಿ, ಕೇಳಿಸದ ಭಾಗವನ್ನು ತೆಗೆದುಹಾಕುವ ವಿಧಾನವನ್ನು ರೂಪಿಸಿದರು. 1995ರ ಜುಲೈಯಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಆಗ ವಾಡಿಕೆಯಲ್ಲಿದ್ದ 128 ಕಿಲೊಬಿಟ್ ಪ್ರಮಾಣದಲ್ಲಿ ಹಾಡು ಹನ್ನೊಂದರಲ್ಲೊಂದು ಪಾಲಿಗೆ ಇಳಿಯುತ್ತದೆ. ಈ ಇಳಿತದ ಮಹತ್ತ್ವ ಅರಿಯಬೇಕಾದರೆ ಆಗಿನ ದೂರವಾಣಿ ತಂತಿಯ ಅಂತರ್ಜಾಲವನ್ನು ನೆನೆಯಬೇಕು. ಐದು ನಿಮಿಷದ ಹಾಡು ಸಿ.ಡಿ.ಯ ಗುಣಮಟ್ಟದಲ್ಲಿ ಇಳಿದು ಬರಲು ಎರಡು ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು, ಎಂ.ಪಿ.3 ಆದರೆ ಹದಿನೈದು ನಿಮಿಷದ ಆಸುಪಾಸು. ಅಷ್ಟರಲ್ಲಿ ಮನೆಗೆ ಯಾರೂ ಫೋನು ಮಾಡದಿದ್ದರೆ ಹಾಡು ಕೈಸೇರಿತು.

ತೆಗೆದುಹಾಕಿದ್ದು ನಿಜವಾಗಿಯೂ ಕೇಳಿಸದ ಭಾಗವೇ ಎಂಬುದು ಸಂಗೀತವನ್ನು ಅವಲಂಬಿಸಿದ ಮಾತು. ಬಿಗಿಯಾದ, ಹಠಾತ್ತನೆ ಸಿಡಿಯುವ ನಾದಗಳಲ್ಲಿ ಈ ಸಂಕೋಚನ ಸೋಲುತ್ತದೆ. ಪೆಟ್ಟು ಬೀಳುವ ಮುನ್ನವೇ ಅದರ ಮಸುಕು ನೆರಳು ಕೇಳಿಸುತ್ತದೆ. ಪಾಶ್ಚಾತ್ಯ ತಂತ್ರಜ್ಞರು ಇದನ್ನು ಪರೀಕ್ಷಿಸಿದ್ದು ಕ್ಯಾಸ್ಟನೆಟ್ ಎಂಬ ತಾಳವಾದ್ಯದಿಂದ. ನಮ್ಮಲ್ಲಿ ಪರೀಕ್ಷಿಸಬೇಕೆಂದರೆ ಯಕ್ಷಗಾನದ ಚಂಡೆ ಸಾಕು. ಹಾಗೆಯೇ ತಂಬೂರಿಯ ಮೇಲಿನ ಎಳೆಗಳು ಕಡಿಮೆ ಪ್ರಮಾಣದ ಕಡತದಲ್ಲಿ ನೀರಿನಡಿಯ ದನಿಯಂತೆ ಅಲುಗುತ್ತವೆ. ಮಾತಿಗೆ ಮಾತ್ರ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದ್ದರಿಂದಲೇ ತಾಳಮದ್ದಳೆಗೆ ಎಂ.ಪಿ.3 ಸಿ.ಡಿ. ವರವಾಗಿ ಒದಗಬಲ್ಲ ಮಾಧ್ಯಮ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ನಾಲ್ಕು ಗಂಟೆಗಳ ಪ್ರಸಂಗಕ್ಕೆ ತೊಂಬತ್ತು ನಿಮಿಷದ ಮೂರು ಕ್ಯಾಸೆಟ್ಟುಗಳು ಬೇಕು. ವಾದ ರಂಗೇರುವ ಹೊತ್ತಿಗೇ ಸುರುಳಿ ಮುಗಿದು ಮಗುಚಬೇಕು. 700 ಮೆಗಾಬೈಟಿನ ಒಂದು ತಟ್ಟೆಯಲ್ಲಿ 128 ಕಿಲೊಬಿಟ್‌ನ ಹನ್ನೆರಡು ಗಂಟೆಗಳ ದನಿ ಹಿಡಿಯುತ್ತದೆ. ಗುಣಮಟ್ಟದಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಅಖಂಡತೆಯಲ್ಲಿ ಪಡೆದೆವು.

ಹೈದರಾಬಾದಿನವರಿಗೆ ಈ ತಟ್ಟೆಗಳ ಯುಗ ಚೆನ್ನಾಗಿ ನೆನಪಿದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಖಾಲಿ ಸಿ.ಡಿ.ಗಳು ಕಂಬದಂತೆ ಪೇರಿಸಲ್ಪಟ್ಟಿರುತ್ತಿದ್ದವು. ಕೋಠಿಯ ಬೀದಿಗಳಲ್ಲಿ ಚಿತ್ರಗಳ ವಿ.ಸಿ.ಡಿ.ಗಳು ರಾಶಿಬಿದ್ದಿರುತ್ತಿದ್ದವು. 2005ರ ಸುಮಾರಿಗೆ ಬಂದ ‘ದಿ ಅಂಗ್ರೇಜ್’ ಎಂಬ ದಖ್ಖನಿ ಮಾತಿನ ಹಾಸ್ಯಚಿತ್ರ ಚಾರ್‌ಮಿನಾರಿನ ಗಲ್ಲಿಯ ಹುಡುಗರನ್ನು ಮನೆಮನೆಯ ಮಾತಾಗಿಸಿದ್ದರಲ್ಲಿ ತಟ್ಟೆಯ ಪಾಲು ದೊಡ್ಡದು. ಅದೇ ದಶಕದಲ್ಲಿ ಮೋಸರ್ ಬೇಯರ್ ಕಂಪನಿ ಚಲನಚಿತ್ರದ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲು ತೊಡಗಿ, ಕಳ್ಳಪ್ರತಿಯ ಬೆಲೆಗೇ ಸಾಚಾ ಪ್ರತಿ ಸಿಗುವಂತೆ ಮಾಡಿತು. ಕನ್ನಡ ಚಿತ್ರಗಳೂ ಆ ಪಟ್ಟಿಯಲ್ಲಿದ್ದವು. 2018ರಲ್ಲಿ ಆ ಕಂಪನಿ ದಿವಾಳಿಯಾಗಿ ಸಮಾಪನಗೊಂಡಿತು. ತಟ್ಟೆಯನ್ನು ಓದುವ ಯಂತ್ರವೇ ಮನೆಗಳಿಂದ ಮಾಯವಾಗುತ್ತಿರುವಾಗ ತಟ್ಟೆಯ ಬೆಲೆ ಎಷ್ಟಿಳಿದರೂ ಪ್ರಯೋಜನವಿರಲಿಲ್ಲ.

ಕಡತವನ್ನು ಹಣಕೊಟ್ಟು ಇಳಿಸಿಕೊಳ್ಳುವ ವ್ಯಾಪಾರವಾದರೂ ನಿಂತಿತೇ? ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಸಂಗೀತದ ಅಂಗಡಿಯನ್ನು ತೆರೆಯಿತು. ಬೀಗವಿಲ್ಲದ ಎಂ.ಪಿ.3 ಕಡತಗಳು, ಕೊಂಡವರು ಯಾವ ಯಂತ್ರದಲ್ಲಾದರೂ ಕೇಳಬಹುದಾಗಿತ್ತು. 2013ರ ಜೂನಿನಲ್ಲಿ ಅದು ಮುಚ್ಚಿತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಅಂಗಡಿ ಮುಚ್ಚಿದರೂ ಇಳಿಸಿಕೊಂಡವರ ಹಾಡು ಅವರ ಬಳಿಯೇ ಉಳಿಯಿತು. ಬಳಿಕ ಬಂದ ಪ್ರಸಾರದ ಆ್ಯಪುಗಳಲ್ಲಿ ಆ ಮಾತಿಲ್ಲ. ಅಲ್ಲಿ ನಾವು ತೆರುವುದು ಬಾಡಿಗೆ. ಕಂಪನಿಗೂ ಹಕ್ಕುದಾರರಿಗೂ ಒಪ್ಪಂದ ಮುರಿದ ದಿನ ಹಾಡು ನಮ್ಮ ಪಟ್ಟಿಯಿಂದ ಬೂದುಬಣ್ಣಕ್ಕೆ ತಿರುಗುತ್ತದೆ. ಕಾರಣವನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ಇಳಿಸಿಕೊಂಡ ಕಡತವನ್ನೂ ಹರಿದು ಬರುವ ಹಾಡನ್ನೂ ಒಂದೇ ಗುಂಪಿಗೆ ಸೇರಿಸಿ ಮಾತನಾಡುವುದು ತಪ್ಪು. ಒಡೆತನದ ದೃಷ್ಟಿಯಿಂದ ಮೊದಲನೆಯದು ತಟ್ಟೆಯ ಬಂಧು.

ಗುಣಮಟ್ಟದ ವಾದವಂತೂ ಈಗ ಬಹುಮಟ್ಟಿಗೆ ತೀರಿದೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಕಡತವಿಧಾನ ಒಂದು ಬಿಟ್ಟನ್ನೂ ಕಳೆಯದೆ ಸಿ.ಡಿ.ಯ ದನಿಯನ್ನು ಸರಿಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. 2021ರಿಂದ ಆಪಲ್ ಮ್ಯೂಸಿಕ್ ಹೆಚ್ಚಿನ ಶುಲ್ಕವಿಲ್ಲದೆ ನಷ್ಟರಹಿತ ಧ್ವನಿಯನ್ನು ನೀಡುತ್ತಿದೆ. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹಾಲು ಗಟ್ಟಿಯಾಗುವುದಿಲ್ಲವೆಂಬುದು ಮಾತ್ರ ನೆನಪಿನಲ್ಲಿರಬೇಕು. ತೇಯ್ದ ಸುರುಳಿಯಿಂದ ಮಾಡಿದ ಸಿ.ಡಿ. ತೇಯ್ದ ದನಿಯನ್ನೇ ಶ್ರದ್ಧೆಯಿಂದ ಕಾಯ್ದಿಡುತ್ತದೆ. ಕೇಳ್ಮೆಯನ್ನು ನಿರ್ಧರಿಸುವುದು ಮೂಲ ಮುದ್ರಿಕೆ ಮತ್ತು ಅದನ್ನು ವರ್ಗಾಯಿಸಿದವರ ಜಾಗರೂಕತೆ.

ತಟ್ಟೆ ಶಾಶ್ವತವೆಂಬ ನಂಬಿಕೆಯೂ ಸಲ್ಲದು. ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ. ಬೇರೆ, ನಾವು ಗಣಕಯಂತ್ರದಲ್ಲಿ ಬರೆದುಕೊಂಡದ್ದು ಬೇರೆ. ಎರಡನೆಯದರಲ್ಲಿ ದತ್ತಾಂಶ ಉಳಿಯುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ಹೈದರಾಬಾದಿನ ಮೇ ತಿಂಗಳ ಅಟ್ಟ ಅದಕ್ಕೆ ಹೇಳಿ ಮಾಡಿಸಿದ ಶತ್ರು. ಹತ್ತಾರು ವರ್ಷಗಳ ಹಿಂದೆ ಬರೆದಿಟ್ಟ ಸಿ.ಡಿ.ಗಳು ನಿಮ್ಮಲ್ಲಿದ್ದರೆ ಅವನ್ನು ಈ ವರ್ಷವೇ ತೆಗೆದು ನೋಡುವುದು ಒಳ್ಳೆಯದು.

ಹೆಸರಿನ ಪ್ರಶ್ನೆಗೆ ಬರೋಣ. ಭಾವಗೀತೆಗೆ ಮೂವರು ಒಡೆಯರು: ಬರೆದ ಕವಿ, ರಾಗ ಕೂಡಿಸಿದವರು, ಹಾಡಿದವರು. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಾದರೂ ಮೂವರ ಹೆಸರೂ ಇರುತ್ತಿತ್ತು, ಕನ್ನಡದಲ್ಲಿಯೇ ಇರುತ್ತಿತ್ತು. 1996ರಲ್ಲಿ ಎಂ.ಪಿ.3 ಕಡತದ ಬಾಲಕ್ಕೆ ಮಾಹಿತಿಯ ಚೀಟಿಯೊಂದನ್ನು ಅಂಟಿಸುವ ಪದ್ಧತಿ ಬಂದಿತು. ಆ ಚೀಟಿಯ ಒಟ್ಟು ಗಾತ್ರ 128 ಬೈಟು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಸಂಪುಟಕ್ಕೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರವನ್ನು ಸೂಚಿಸುವ ಅಂಕಿಗೆ 1, ಗುರುತಿಗೆ 3. ಕವಿಗೆ ಮನೆಯಿಲ್ಲ, ಸಂಯೋಜಕರಿಗೂ ಇಲ್ಲ. ಅಕ್ಷರಗಳು ರೋಮನ್ ಲಿಪಿಯವು. ಕನ್ನಡಕ್ಕೆ ಅಲ್ಲಿ ಸ್ಥಳವೇ ಇರಲಿಲ್ಲ. ಪಾಶ್ಚಾತ್ಯ ಜನಪ್ರಿಯ ಗೀತೆಯ ಅಳತೆಗೆ ಹೊಲಿದ ಅಂಗಿಯನ್ನು ನಮ್ಮ ಹಾಡುಗಳು ತೊಟ್ಟವು. ಮುಂದಿನ ಆವೃತ್ತಿಗಳಲ್ಲಿ ಕವಿಗೂ ಸಂಯೋಜಕರಿಗೂ ಯೂನಿಕೋಡ್ ಲಿಪಿಗೂ ಸ್ಥಳ ಬಂದಿತಾದರೂ, ತುಂಬುವವರ ರೂಢಿ ಹಾಗೆಯೇ ಉಳಿಯಿತು. ಇಂದು ಆ್ಯಪೊಂದರಲ್ಲಿ ಭಾವಗೀತೆಯನ್ನು ತೆರೆದರೆ ಎದ್ದು ಕಾಣುವುದು ಗಾಯಕರ ಹೆಸರು, ಅದೂ ಇಂಗ್ಲಿಷಿನಲ್ಲಿ. ಕವಿ ಯಾರೆಂದು ತಿಳಿಯದ ಮಗು ಹೊರನಾಡಿನಲ್ಲಿ ಅದನ್ನು ಒಂದು ಹಾಡೆಂದಷ್ಟೇ ಬಲ್ಲುದು. ಅದೊಂದು ಕವಿತೆಯೆಂದೂ ಅದಿರುವ ಪುಸ್ತಕವನ್ನು ಹುಡುಕಿ ಓದಬಹುದೆಂದೂ ಅದಕ್ಕೆ ಸೂಚನೆ ದೊರೆಯುವುದಿಲ್ಲ. ಸರಕಾರಿ ಕಚೇರಿಯಲ್ಲಿ ಕೆಲಸಮಾಡುವ ನಮಗೆ ಕಡತವೆಂಬ ಮಾತು ಹಳೆಯದು. ಮೇಲ್ಬರಹವಿಲ್ಲದ ಕಡತ ಕಪಾಟಿನಲ್ಲಿದ್ದರೂ ಕಳೆದುಹೋದಂತೆಯೇ ಎಂಬುದು ನಮ್ಮ ದಿನನಿತ್ಯದ ಅನುಭವ.

ವಶದ ಪ್ರಶ್ನೆಗೆ ನಮ್ಮ ಊರೇ ಉದಾಹರಣೆ ಒದಗಿಸುತ್ತದೆ. 2003ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಐಐಐಟಿಯೂ ಪ್ರಮುಖ ಕೇಂದ್ರವಾಗಿತ್ತು. ಲಕ್ಷಗಟ್ಟಲೆ ಪುಸ್ತಕಗಳು ಪುಟಪುಟವಾಗಿ ಚಿತ್ರವಾದವು. ಕನ್ನಡದ ಅಲಭ್ಯ ಪುಸ್ತಕಗಳೂ ಅದರಲ್ಲಿದ್ದವು. ಬಳಿಕ ಹಕ್ಕುಸ್ವಾಮ್ಯದ ತೊಡಕಿನಿಂದ ಆ ತಾಣ ಬಾಗಿಲೆಳೆದುಕೊಂಡಿತು. ಪುಸ್ತಕಗಳು ಪೂರ್ತಿಯಾಗಿ ಕಣ್ಮರೆಯಾಗಲಿಲ್ಲ. ಅಷ್ಟರೊಳಗೆ ಅವುಗಳ ಬಹುಭಾಗದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ಗೆ ಸೇರಿದ್ದವು. ಪ್ರತಿ ಮಾಡಿಕೊಂಡವರಿದ್ದುದರಿಂದ ಕನ್ನಡ ಓದುಗರು ಬದುಕಿದರು.

ಇದು ಹೊಸ ಪಾಠವೇನಲ್ಲ. 1623ರಲ್ಲಿ ಇಬ್ಬರು ನಟರು ಶೇಕ್ಸ್‌ಪಿಯರನ 36 ನಾಟಕಗಳನ್ನು ಒಂದೇ ಸಂಪುಟದಲ್ಲಿ ಅಚ್ಚುಹಾಕಿಸದಿದ್ದರೆ, ಅದುವರೆಗೆ ಅಚ್ಚಾಗದಿದ್ದ ಅವುಗಳಲ್ಲಿ ಅರ್ಧದಷ್ಟನ್ನು ನಾವು ಬಹುಶಃ ಕಳೆದುಕೊಳ್ಳುತ್ತಿದ್ದೆವು. ಅದಾದ ಸರಿಯಾಗಿ ಮುನ್ನೂರು ವರ್ಷಕ್ಕೆ, 1923ರಲ್ಲಿ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು. ಅವರಿಗೆ ವಚನಗಳು ದೊರೆತದ್ದು ಬಿಜಾಪುರ ಸೀಮೆಯ ಮನೆಮಠಗಳ ಜಗುಲಿ, ಮಾಡಗಳಲ್ಲಿದ್ದ ತಾಳೆಗರಿಯ ಕಟ್ಟುಗಳಿಂದ. ಆ ಕಟ್ಟುಗಳಲ್ಲಿ ಗುಣಮಟ್ಟ ಏಕರೂಪದ್ದಾಗಿರಲಿಲ್ಲ, ಓದುವ ಅನುಕೂಲವೂ ಇರಲಿಲ್ಲ. ಹಲವು ಮನೆಗಳಲ್ಲಿ ಹಲವು ಪ್ರತಿಗಳಿದ್ದವು ಎಂಬುದೊಂದೇ ಬಲ. ಪ್ರತಿ ವಚನದ ಕೊನೆಯಲ್ಲಿ ಅಂಕಿತವಿದ್ದುದರಿಂದ ಬರೆದವರು ಯಾರೆಂಬುದೂ ಅಳಿಯಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದಿನನಿತ್ಯದ ಕೇಳ್ಮೆಗೆ ಆ್ಯಪೇ ಅನುಕೂಲ. ಅದನ್ನು ಬಿಡಬೇಕಾದ ಅಗತ್ಯವಿಲ್ಲ. ಅಲ್ಲಿ ಇಲ್ಲದ್ದು, ಮುಂದೆ ಇರಲಾರದ್ದು ನಮ್ಮ ಮನೆಯಲ್ಲಿದ್ದರೆ ಅದನ್ನು ಕಾಯುವ ಹೊಣೆ ನಮ್ಮದು. ಊರಿನ ಕಂಪನಿ ನಾಟಕದ ತಟ್ಟೆ, ಸಣ್ಣ ಸಂಸ್ಥೆಯೊಂದು ತಂದ ದಾಸರ ಪದಗಳ ಸುರುಳಿ, ಕನ್ನಡ ಸಂಘದ ವೇದಿಕೆಯಲ್ಲಿ ಯಾರೋ ಹಿರಿಯರು ಮಾಡಿದ ಭಾಷಣದ ಮುದ್ರಿಕೆ ಇವೆಲ್ಲ ಆ ಬಗೆಯವು. ಇವನ್ನು ಒಮ್ಮೆ ನಷ್ಟರಹಿತ ಕಡತವಾಗಿ ವರ್ಗಾಯಿಸಿ, ಒಳಹಾಳೆಯ ಚಿತ್ರ ತೆಗೆದು, ಕವಿ-ಸಂಯೋಜಕ-ಗಾಯಕರ ಹೆಸರನ್ನು ಕನ್ನಡದಲ್ಲಿ ಬರೆದು, ಎರಡು ಬೇರೆ ಬೇರೆ ಡ್ರೈವುಗಳಲ್ಲಿಯೂ ಬೇರೆ ಊರಿನ ಒಬ್ಬ ಬಂಧುವಿನ ಮನೆಯಲ್ಲಿಯೂ ಇರಿಸುವುದು ಕಷ್ಟದ ಕೆಲಸವಲ್ಲ. ಕಾನೂನನ್ನೂ ತಿಳಿದಿರಬೇಕು. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿದಿದೆ. ಅದರಲ್ಲಿರುವ ಕವಿತೆಯ ಹಕ್ಕು ಕವಿಯ ಮರಣಾನಂತರ 60 ವರ್ಷ ಇರುತ್ತದೆಂಬುದು ಬೇರೆಯ ಮಾತು. ಆದ್ದರಿಂದ ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸುವ ಅವಸರ ಬೇಡ. ಮೊದಲು ಅಳಿಯದಂತೆ ಉಳಿಸೋಣ.

ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಗ್ರಾಮಾಫೋನ್ ತಟ್ಟೆಗಳನ್ನು ಈ ಬಗೆಯಲ್ಲಿ ಉಳಿಸುತ್ತಿದೆ. ಕ್ಯಾಸೆಟ್ಟಿನ ಕಾಲದ ಸಾವಿರಾರು ಕನ್ನಡ ಸುರುಳಿಗಳು ಇನ್ನೂ ಮನೆಗಳ ಅಟ್ಟದಲ್ಲಿಯೇ ಇವೆ. ತಟ್ಟೆಗಿಂತ ಸುರುಳಿಯ ಆಯುಸ್ಸು ಕಡಿಮೆ. ಅದನ್ನು ನುಡಿಸುವ ಯಂತ್ರಗಳ ಆಯುಸ್ಸು ಅದಕ್ಕಿಂತಲೂ ಕಡಿಮೆ. ನಗರದಲ್ಲಿ ಟೇಪ್‌ರೆಕಾರ್ಡರಿನ ರಬ್ಬರ್ ಪಟ್ಟಿ ಬದಲಾಯಿಸಬಲ್ಲ ಕೈಗಳು ಇನ್ನೂ ಒಂದಿಷ್ಟು ಉಳಿದಿವೆ. ಅವು ಇರುವಾಗಲೇ ಈ ಕೆಲಸ ಆಗಬೇಕು.